ಗೋಡೆ ಏರಿದ ಜಮಖಾನೆ

ನವಲಗುಂದ
೧೧ ಫೆಬ್ರುವರಿ ೨೦೨೪

ನಿಲೋಫರ್‌ಗೆ ನಿನ್ನ ಭಾಬಿಯ ಸಲಾಂ.

ಕುಂದಗೋಳಕ್ಕೆ ಒಂದು ಫೋನು ಮಾಡದೆ ಕಾಗದ ಯಾಕೆ ಬರೆದಳು ಎಂದು ಹುಬ್ಬು ಗಂಟಿಕ್ಕಬೇಡ. ಫೋನು ಹಿಡಿದರೆ ನಿನ್ನ ಅಣ್ಣ ಸಾಧಿಕ್ ಪಕ್ಕದಲ್ಲೇ ಇರುತ್ತಾರೆ. ಅದೂ ಅಲ್ಲದೆ ಈ ಮನೆಯಲ್ಲಿ ಹದಿನೆಂಟು ವರ್ಷ ಪಾಟಿಯ ಮೇಲೆ ಬರೆದು ಬರೆದೇ ಸಂಸಾರ ಮಾಡಿದವಳು ನಾನು. ಕಿವಿ ಹೋದ ನಿನ್ನ ಅಮ್ಮಿ ಬಾಯಲ್ಲಿ ಹೇಳುತ್ತಾರೆ, ನಾವು ಬಳಪ ಹಿಡಿದು ಉತ್ತರ ಕೊಡುತ್ತೇವೆ. ಹೇಳಬೇಕಾದದ್ದನ್ನು ಬರೆದರೇ ನನಗೆ ಸಮಾಧಾನ.

ಸುದ್ದಿ ಏನೆಂದರೆ, ದಿಲ್ಲಿಯಿಂದ ಕಾಗದ ಬಂದಿದೆ. ಒಂಬತ್ತು ನವಿಲಿನ ಜಮಖಾನೆ ಆಯ್ಕೆಯಾಗಿದೆ. ಜೂನಿನಲ್ಲಿ ನಾರ್ವೆ ದೇಶದ ಬರ್ಗೆನ್ ಎಂಬ ಊರಲ್ಲಿ ಕೈಕಸುಬಿನವರ ಮೇಳ, ಹನ್ನೆರಡು ದಿನ. ಮೇಳ ಮುಗಿದ ಮೇಲೂ ಜಮಖಾನೆ ಅಲ್ಲಿಯ ಒಂದು ವಸ್ತುಸಂಗ್ರಹಾಲಯದಲ್ಲಿ ಉಳಿಯುತ್ತದಂತೆ. ನೇಯ್ದವಳು ಜೊತೆಗೆ ಬರಬೇಕಂತೆ. ಆ ಊರು ಎಷ್ಟು ಉತ್ತರಕ್ಕಿದೆಯೆಂದರೆ, ಶಾಲೆಯ ಗೋಡೆಯ ನಕಾಶೆಯಲ್ಲಿ ಮೊಳೆ ಹೊಡೆಯುವ ಜಾಗದ ಹತ್ತಿರ. ನಿನ್ನ ಅಣ್ಣ ಹೋಗಿ ನೋಡಿ ಬಂದರು.

ನೇಯ್ದವಳು ಎಂದು ಬರೆಯುವಾಗ ಕೈ ತಡೆಯಿತು. ಒಗೆಯುವ ಕಲ್ಲಿನ ಹತ್ತಿರ ಜಾರಿ ನನ್ನ ಮಣಿಕಟ್ಟಿಗೆ ಪ್ಲಾಸ್ಟರ್ ಬಿದ್ದಾಗ, ಮಗ್ಗದ ಮೇಲೆ ಇದ್ದದ್ದು ಕೆಳಗಿನ ಅಂಚು ಮಾತ್ರ, ಒಂದು ಗೇಣು. ಅದೇ ವಾರ ಅಮ್ಮಿಯ ಕಣ್ಣಿನ ಆಪರೇಷನ್. ನೀನು ಅಮ್ಮಿಯನ್ನು ನೋಡಿಕೊಳ್ಳಲು ಬಂದೆ, ಬಂದವಳು ಮಗ್ಗದ ಮುಂದೆ ಕೂತೆ. ನಡುಮನೆಯಲ್ಲಿ ಅಮ್ಮಿ ಹಸಿರು ಪಟ್ಟಿ ಕಟ್ಟಿಕೊಂಡು ನೆಲದ ಮೇಲೆ ಮಲಗಿದ್ದರು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಮೊದಲೇ ಮಬ್ಬು, ಕಿವಿ ಕೇಳದು. ನಾವು ಪರದೆ ಎಳೆದುಕೊಂಡೆವು. ಹತ್ತೊಂಬತ್ತು ದಿನ ನೀನು ನೇಯ್ದೆ, ನಾನು ಎಡಗೈಯಲ್ಲಿ ನೂಲು ಹಿಡಿದುಕೊಟ್ಟೆ.

ಮೇಳಕ್ಕೆ ಕಳಿಸಿದ ಅರ್ಜಿಯಲ್ಲಿ ನನ್ನ ಹೆಸರು ಕೈ ಮುರಿಯುವ ಮೊದಲೇ ಬರೆದಾಗಿತ್ತು. ಬದಲಿಸಬಹುದಿತ್ತು, ಬದಲಿಸಲಿಲ್ಲ. ನಮ್ಮ ಮಂದಿಯಲ್ಲಿ ಮಗ್ಗ ಸೊಸೆಗೆ, ಮಗಳಿಗಲ್ಲ. ಮಗಳಿಗೆ ಕಲಿಸಿದರೆ ಕಸುಬು ಆಕೆಯ ಬೆನ್ನು ಹತ್ತಿ ಗಂಡನ ಮನೆಗೆ ಹೋಗುತ್ತದೆ. ಹೆತ್ತ ಮಗಳಿಗೂ ಮಗ್ಗ ಮುಟ್ಟಗೊಡಲಿಲ್ಲ ಎಂದು ಓಣಿಯಲ್ಲಿ ಇವತ್ತಿಗೂ ಅಮ್ಮಿಯ ಹೆಸರು ಮೆಚ್ಚುಗೆಯಿಂದ ಹೇಳುತ್ತಾರೆ. ಅಮ್ಮಿಗೆ ಈ ವಿಷಯ ತಿಳಿಯುವುದು ಬೇಡ. ಇಷ್ಟೇ ನನ್ನ ಕೋರಿಕೆ.

ಅಲ್ಲಿಂದ ನಿನಗೆ ಏನು ತರಲಿ, ಬರೆ.

ನಿನ್ನ ಭಾಬಿ,
ಸುಲ್ತಾನಾ


ಕುಂದಗೋಳ
೨ ಮಾರ್ಚ್ ೨೦೨೪

ಭಾಬಿ, ಸಲಾಂ.

ಹೋಗಿ ಬನ್ನಿ. ನಾನು ಯಾರಿಗೂ ಹೇಳುವುದಿಲ್ಲ.

ಆದರೆ ನಾನು ನಿಮಗಾಗಿ ನೇಯ್ದೆ ಎಂದುಕೊಳ್ಳಬೇಡಿ. ಅಮ್ಮಿ ನಿಮಗೆ ಕಲಿಸುವಾಗ ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. "ಇಲ್ಯಾಕ ನಿಂತಿ? ಒಳಗ ಹೋಗ, ರೊಟ್ಟಿ ಹೊತ್ತತಾವ" ಎಂದು ಅಟ್ಟುತ್ತಿದ್ದಳು. ಕಣ್ಣಿಂದ ಕಲಿತದ್ದು ಕೈಗೆ ಬರುತ್ತದೋ ಇಲ್ಲವೋ ಒಮ್ಮೆ ನೋಡಬೇಕಿತ್ತು. ಬಂತು.

ಒಂದು ವಿಷಯ ನಿಮಗೆ ತಿಳಿದಿರಲಿ. ನವಿಲಿನ ಕುತ್ತಿಗೆಯ ಹತ್ತಿರ ನೀಲಿ ಎಳೆಯನ್ನು ಒಂದು ಸುತ್ತು ಹಿಂದಕ್ಕೆ ತಂದಿದ್ದೇನೆ. ಆ ಹಕ್ಕಿಗಳು ತಿರುಗಿ ನೋಡುವ ಹಾಗೆ ಕಾಣುವುದು ಅದರಿಂದ. ಅದು ಅಮ್ಮಿಯದಲ್ಲ, ನನಗೇ ಹೊಳೆದದ್ದು. ಮಾಡಿ ತೋರಿಸು ಎಂದು ಅಲ್ಲಿ ಯಾರಾದರೂ ಕೇಳಿದರೆ ಕಷ್ಟ. ಬರೆದು ಹೇಳುವಂಥದ್ದಲ್ಲ. ಒಂದು ದಿನ ಇಲ್ಲಿಗೆ ಬಂದರೆ ಕೈ ಹಿಡಿದು ತೋರಿಸುತ್ತೇನೆ.

ನನಗೆ ಏನೂ ತರಬೇಡಿ. ನವಲಗುಂದದಿಂದ ಹೊರಟ ದಿನ ಅಮ್ಮಿಯ ಕಣ್ಣಿನ ಪಟ್ಟಿ ತೆಗೆದು ವಾರವಾಗಿತ್ತು. ಪಾಟಿಯ ಮೇಲೆ "ಹೊಂಟೇನಿ" ಎಂದು ಬರೆದು ಮುಂದೆ ಹಿಡಿದೆ. ಆಕೆ ಓದಿ ಗೋಡೆಯ ಕಡೆ ಮುಖ ತಿರುಗಿಸಿದಳು. ಬಸ್ ಸ್ಟ್ಯಾಂಡಿನಲ್ಲಿ ಒಂದೂವರೆ ಗಂಟೆ ಕೂತು ಯೋಚಿಸಿದೆ, ಏನು ತಪ್ಪು ಮಾಡಿದೆನೋ ಗೊತ್ತಾಗಲಿಲ್ಲ. ನಿಮಗೆ ಗೊತ್ತಾದರೆ ಅದನ್ನು ಬರೆಯಿರಿ, ಸಾಕು.

ನಿಲೋಫರ್


ಬರ್ಗೆನ್
೧೩ ಜೂನ್ ೨೦೨೪, ಗುರುವಾರ

ಅಮ್ಮಿಗೆ ಸುಲ್ತಾನಾಳ ಸಲಾಂ.

ಈ ಕಾಗದ ನಿಮ್ಮ ಕೈಗೆ ಬರುವ ಹೊತ್ತಿಗೆ ನಾನು ನಿಮ್ಮ ಎದುರಿಗೇ ಕೂತಿರುತ್ತೇನೆ. ಇಲ್ಲಿಯ ಟಪಾಲು ಮುಟ್ಟಲು ಮೂರು ವಾರ ಬೇಕಂತೆ, ನನ್ನ ವಿಮಾನ ನಾಳೆ ಬೆಳಿಗ್ಗೆ. ಸೋಮವಾರ ಬಕ್ರೀದಿಗೆ ಮನೆಯಲ್ಲಿರುತ್ತೇನೆ. ಹಾಗಿದ್ದರೆ ಬಂದೇ ಹೇಳಬಹುದಿತ್ತಲ್ಲ ಎಂದರೆ, ಪಾಟಿಯ ಮೇಲೆ ಬರೆದದ್ದನ್ನು ನೀವು ಓದುವ ಮೊದಲೇ ಸೆರಗಿನಿಂದ ಒರೆಸಿಬಿಡುವವಳು ನಾನು. ಟಪಾಲು ಡಬ್ಬಿಗೆ ಹಾಕಿದ್ದನ್ನು ಒರೆಸಲು ಬಾರದು.

ಇವತ್ತು ಕಡೆಯ ದಿನ, ನಮಗೆಲ್ಲ ರಜೆ. ಬೇರೆ ಬೇರೆ ಊರಿನ ಕುಶಲಕರ್ಮಿಗಳೆಲ್ಲ ಹಡಗಿನಲ್ಲಿ ಬೆಟ್ಟ ನೋಡಲು ಹೋದರು. ನಮಗೆ ದುಭಾಷಿಯಾಗಿ ಕೊಟ್ಟಿರುವ ಮೃಣಾಲಿನಿ ಎಂಬ ಹುಡುಗಿ ಹುಬ್ಬಳ್ಳಿಯವಳು, ಇಲ್ಲಿ ಓದುತ್ತಾಳೆ. ಬಾಗಿಲಿಗೆ ಬಂದು ಕರೆದಳು.

"ಅಕ್ಕಾರ, ಲಗೂನ ತಯಾರಾಗ್ರಿ. ಹಡಗ ಬಿಡತೈತಿ."

"ನನಗ ತಲಿ ಸಿಡೀತದವಾ. ನೀವು ಹೋಗಿ ಬರ್ರಿ."

"ಒಬ್ಬಾಕಿನ ಏನ ಮಾಡ್ತೀರಿ?"

"ಊರ ನೋಡ್ತೀನಿ," ಎಂದೆ. ತಲೆ ಸಿಡಿಯುವವಳು ಊರು ಹೇಗೆ ನೋಡುತ್ತಾಳೆ ಎಂದು ಅವಳು ಕೇಳಲಿಲ್ಲ, ಒಳ್ಳೆಯ ಮನೆತನದ ಹುಡುಗಿ. ಹೊಟೆಲಿನ ಹೆಸರನ್ನು ಚೀಟಿಯಲ್ಲಿ ಬರೆದು ಕೊಟ್ಟು ಹೋದಳು.

ಹೊರಗೆ ಜಿನುಗು ಮಳೆ. ಇಲ್ಲಿಯವರು ಅದನ್ನು ಮಳೆ ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಸೂರ್ಯ ಮುಳುಗುವುದು ಹನ್ನೊಂದಕ್ಕೆ, ಮೊದಲ ದಿನ ಮಗ್ರಿಬ್ ನಮಾಜಿಗೆ ಕಾದು ಕಾದು ಕೂತಲ್ಲೇ ನಿದ್ದೆ ಹೋಗಿದ್ದೆ. ಸಮುದ್ರ ಊರಿನೊಳಗೇ ಬಂದು ಕೂತಿದೆ. ನಮ್ಮ ಸ್ಟ್ಯಾಂಡಿನಲ್ಲಿ ಬಸ್ಸು ನಿಂತ ಹಾಗೆ ರಸ್ತೆಯ ಬಾಜು ಹಡಗುಗಳು ನಿಲ್ಲುತ್ತವೆ. ದಂಡೆಯ ಮೇಲೆ ಕಟ್ಟಿಗೆಯ ಹಳೆಯ ಮನೆಗಳ ಸಾಲು, ಕೆಂಪು, ಹಳದಿ, ಬಿಳಿ, ಒಂದಕ್ಕೊಂದು ವಾಲಿಕೊಂಡು, ಮದುವೆಯಲ್ಲಿ ಮುದುಕಿಯರು ಒತ್ತೊತ್ತಿ ಕೂತ ಹಾಗೆ. ನಡುವಿನ ಸಂದಿಗಳಲ್ಲಿ ಡಾಂಬರಿನ ವಾಸನೆ. ಮೀನಿನ ಬಜಾರಕ್ಕೂ ಹೋದೆ. ನಾನು ಅಳ್ನಾವರದಲ್ಲಿ ಹುಟ್ಟಿದವಳು, ಗೋವೆಯ ಮೀನು ರೈಲಿನಲ್ಲಿ ಇಳಿಯುವುದನ್ನು ಕಂಡವಳು. ಆದರೆ ಇಲ್ಲಿಯ ಮೀನು ಒಂದೊಂದು ನನ್ನ ಕಾಲಿನಷ್ಟು ಉದ್ದ. ನಿಮಗೆ ತೋರಿಸಬೇಕಿತ್ತು.

ನೆಮ್ಮದಿಯಿಂದ ನೋಡಿದೆ ಎಂದರೆ ಸುಳ್ಳು. ಮೇಳದವರು ಊರ ತುಂಬ ಚಿತ್ರ ಅಂಟಿಸಿದ್ದಾರೆ. ಬಸ್ ನಿಲ್ದಾಣದ ಗಾಜಿನ ಮೇಲೆ ನಾನೇ ನಿಂತಿದ್ದೇನೆ, ಕೈಯಲ್ಲಿ ಪಂಜಾ, ಹಿಂದೆ ನವಿಲು. ನೂಲನ್ನು ತಟ್ಟಿ ಕೂರಿಸುವ ಆ ಕಬ್ಬಿಣದ ಹಣಿಗೆಯನ್ನು ಇಲ್ಲಿಯವರು ಆಯುಧವೆಂದು ತಿಳಿದರೂ ತಿಳಿದಾರು. ಒಬ್ಬ ಮುದುಕಿ ಚಿತ್ರ ನೋಡಿ, ನನ್ನನ್ನು ನೋಡಿ, ನನ್ನ ಎರಡೂ ಕೈ ಹಿಡಿದು ತನ್ನ ಹಣೆಗೆ ಒತ್ತಿಕೊಂಡಳು. ಕೈ ಕಿತ್ತುಕೊಂಡು ಓಡಿಹೋಗಬೇಕು ಎನ್ನಿಸಿತು. ಸೆರಗು ಮುಖಕ್ಕೆ ಎಳೆದುಕೊಂಡು ಮುಂದೆ ನಡೆದೆ.

ಅಮ್ಮಿ, ಆ ಒಂಬತ್ತು ನವಿಲು ನಾನು ನೇಯ್ದವಲ್ಲ. ನಿಲೋಫರ್ ನೇಯ್ದಳು. ನೀವು ಪಟ್ಟಿ ಕಟ್ಟಿಕೊಂಡು ಮಲಗಿದ್ದಾಗ, ನಿಮ್ಮಿಂದ ನಾಲ್ಕು ಮಾರು ಆಚೆ, ಪರದೆ ಎಳೆದುಕೊಂಡು ನೇಯ್ದಳು. ಕೆಳಗಿನ ಒಂದು ಗೇಣು ಅಂಚು ಬಿಟ್ಟರೆ ಆ ಜಮಖಾನೆಯಲ್ಲಿ ನನ್ನದು ಏನೂ ಇಲ್ಲ.

ನವಿಲಿನ ಕುತ್ತಿಗೆ ಹೇಗೆಂದು ಹೇಳಿಕೊಡುತ್ತೇನೆ, ಕುಂದಗೋಳಕ್ಕೆ ಬನ್ನಿ ಎಂದು ಅವಳು ತಾನಾಗಿ ಕರೆದಳು. ನಾನು ಹೋಗಲಿಲ್ಲ. ಹದಿನೆಂಟು ವರ್ಷ ನಿಮ್ಮ ಕೈಕೆಳಗೆ ಕಲಿತವಳು ಬಾಗಿಲಲ್ಲಿ ನಿಂತು ಕಲಿತವಳ ಹತ್ತಿರ ಪಾಠಕ್ಕೆ ಹೋಗಬೇಕೇ ಎನ್ನಿಸಿತು. ನನ್ನ ನವಿಲು ನೋಡಿ ನೀವು "ಇದು ನವಿಲಲ್ಲ ಬೇ, ಕೋಳಿಗೆ ಕಿರೀಟ ಇಟ್ಟೀದಿ" ಎಂದು ನಗುತ್ತಿದ್ದಿರಿ. ನಾನೂ ನಗುತ್ತಿದ್ದೆ. ಆ ಮಾತನ್ನು ಮಾತ್ರ ಇವತ್ತಿಗೂ ಮರೆತಿಲ್ಲ.

ಮೊನ್ನೆ ಮಂಗಳವಾರ ಮೇಳದಲ್ಲಿ ನನಗೆ ಕೊಟ್ಟ ಮಗ್ಗದ ಮುಂದೆ ಜನ ತುಂಬಿದ್ದರು. ಆ ಕುತ್ತಿಗೆ ಹೇಗೆ ಮಾಡುತ್ತೀರಿ, ಒಂದು ಸಲ ಮಾಡಿ ತೋರಿಸಿ ಎಂದು ಕೇಳಿದರು. ಮೂರು ಸಲ ಮಾಡಿದೆ, ಮೂರು ಸಲವೂ ಕೋಳಿಯೇ ಬಂತು. ಆಮೇಲೆ ಬೇಕೆಂದೇ ಹಾಸಿನ ನೂಲು ಹರಿದೆ. "ಇಲ್ಲಿ ಥಂಡಿಗೆ ನೂಲ ಕಡೀತಾವಂತ ಹೇಳವಾ" ಎಂದು ಮೃಣಾಲಿನಿಗೆ ಹೇಳಿದೆ. ಅವಳು ಅದನ್ನೇ ಅವರಿಗೆ ಹೇಳಿದಳು. ಪಾಪ, ಎದ್ದು ಕಿಟಕಿ ಮುಚ್ಚಿದರು.

ಇವತ್ತು ಸಂಗ್ರಹಾಲಯಕ್ಕೆ ಒಬ್ಬಳೇ ಹೋದೆ. ಜಮಖಾನೆಯನ್ನು ಗೋಡೆಗೆ ಏರಿಸಿದ್ದಾರೆ. ನೆಲದ ಮೇಲೆ ಹಾಸಿ ನಾಲ್ಕು ಮಂದಿ ಕೂತು ಚಹಾ ಕುಡಿಯಬೇಕಾದದ್ದು ಅಷ್ಟು ಎತ್ತರದಲ್ಲಿ ತೂಗುತ್ತಿತ್ತು. ಒಂಬತ್ತೂ ನವಿಲು ತಿರುಗಿ ನನ್ನನ್ನೇ ನೋಡಿದವು. ಕೆಳಗೆ ಕಾರ್ಡಿನಲ್ಲಿ ಇಂಗ್ಲಿಷಿನಲ್ಲಿ ನನ್ನ ಹೆಸರು, ಅಷ್ಟು ನನಗೂ ಓದಲು ಬರುತ್ತದೆ.

ಚೀಲದಿಂದ ಹಾಳೆ ತೆಗೆದು ನನಗೆ ಬರುವ ಕನ್ನಡದಲ್ಲೇ ದೊಡ್ಡದಾಗಿ ಬರೆದೆ: ಇದನ್ನು ನೇಯ್ದವಳು ನಿಲೋಫರ್, ನಾನಲ್ಲ. ಅಲ್ಲಿಯ ಕಾವಲುಗಾರನ ಕೈಗೆ ಕೊಟ್ಟು, ಕಾರ್ಡು ತೋರಿಸಿ, ಅದು ಬೇಡ, ಇದು ಹಾಕು ಎಂದು ಸನ್ನೆ ಮಾಡಿದೆ. ಅವನು ನನ್ನ ಗುರುತು ಹಿಡಿದ. ಖುಷಿಯಾಗಿ ಒಳಗಿನಿಂದ ಒಬ್ಬ ಹೆಂಗಸನ್ನು ಕರೆದುಕೊಂಡು ಬಂದ. ಆಕೆ ಹಾಳೆಯನ್ನು ಎದೆಗೆ ಹಿಡಿದು ನನಗೆ ಕೈಮುಗಿದಳು. ನಾನು ಪ್ರೀತಿಯಿಂದ ಏನೋ ನಾಲ್ಕು ಮಾತು ಬರೆದುಕೊಟ್ಟೆ ಎಂದು ಅವರು ತಿಳಿದರು. ಚೌಕಟ್ಟು ತಂದು ಹಾಳೆಯನ್ನು ಅದರಲ್ಲಿ ಕೂರಿಸಿ, ಕಾರ್ಡಿನ ಕೆಳಗೇ ಗೋಡೆಗೆ ಹಾಕಿದರು. ಅದರ ಪಕ್ಕದಲ್ಲಿ ನನ್ನನ್ನು ನಿಲ್ಲಿಸಿ ಫೋಟೋ ತೆಗೆದರು. ನಾನು ನಕ್ಕೆ, ಅಮ್ಮಿ. ಫೋಟೋಕ್ಕೆ ನಕ್ಕೆ.

ಮೃಣಾಲಿನಿಗೆ ಹೇಳಿದ್ದರೆ ಎರಡು ನಿಮಿಷದ ಕೆಲಸ. ಅದಕ್ಕೇ ಅವಳನ್ನು ಹಡಗಿಗೆ ಕಳಿಸಿದೆ. ನಿಜ ಹೇಳಬೇಕೆಂದು ಹೊರಟು, ಅದು ಯಾರಿಗೂ ತಿಳಿಯದ ಜಾಗ ನೋಡಿ ಹೇಳಿದೆ. ನನ್ನಷ್ಟು ಜಾಣೆ ಯಾರಿದ್ದಾರೆ.

ಹಿಂತಿರುಗಿ ಬರುವಾಗ ದಂಡೆಯ ಮೇಲೆ ಬಹಳ ಹೊತ್ತು ಕೂತೆ. ಎಲ್ಲರೂ ಈ ಊರು ಸುಂದರ ಎನ್ನುತ್ತಾರೆ, ನಿಜವೇ ಇರಬೇಕು. ನನಗೆ ಕಂಡದ್ದೆಲ್ಲ ನಾಚಿಕೆಯೇ. ನಿಮ್ಮ ಮಗಳಿಗೆ ಕೊಡದೆ ನನಗೆ ಕೊಟ್ಟ ವಿದ್ಯೆಯನ್ನು ನಾನು ಹೀಗೆ ಕಾಪಾಡಿದೆ.

ಹೊಟೆಲಿನ ಎದುರು ಕೆಂಪು ಡಬ್ಬಿ ಇದೆ. ಈಗಲೇ ಹೋಗಿ ಹಾಕುತ್ತೇನೆ, ಮನಸ್ಸು ಬದಲಾಗುವ ಮೊದಲು.

ನಿಮ್ಮ ಸೊಸೆ,
ಸುಲ್ತಾನಾ


ನವಲಗುಂದ
೯ ಜುಲೈ ೨೦೨೪

ನಿಲೋಫರ್,

ಬಂದು ಮೂರು ವಾರ ದಾಟಿತು. ನಿನಗೆ ಮುಖ ತೋರಿಸುವ ಧೈರ್ಯವಿಲ್ಲದೆ ಮತ್ತೆ ಕಾಗದ.

ಬಂದ ವಾರದಲ್ಲೇ ಊರವರು ಸಭೆ ಇಟ್ಟು ಶಾಲು ಹೊದಿಸಿದರು. ಅಮ್ಮಿ ಮುಂದಿನ ಸಾಲಿನಲ್ಲಿ ಕೂತಿದ್ದರು. ಮನೆಗೆ ಬಂದ ಮೇಲೆ ಶಾಲನ್ನು ಅವರ ತೊಡೆಯ ಮೇಲೆ ಇಟ್ಟೆ. "ಹಾಂ, ಆತು. ಮಡಚಿ ಇಡ" ಎಂದರು. ಅಷ್ಟೇ.

ಬರ್ಗೆನ್ನಿನಿಂದ ಹೊರಡುವ ಮುನ್ನ ನಾನು ಅಮ್ಮಿಗೆ ಎಲ್ಲವನ್ನೂ ಬರೆದು ಟಪಾಲಿಗೆ ಹಾಕಿದ್ದೆ. ನಿನ್ನ ಹೆಸರು, ಪರದೆ, ಹತ್ತೊಂಬತ್ತು ದಿನ, ಎಲ್ಲ. ಬಂದ ಮೇಲೆ ದಿನಾ ಬಾಗಿಲಲ್ಲಿ ನಿಂತು ಅದಕ್ಕೆ ಕಾದೆ. ಬರಲಿ ಎಂದೂ ಕಾದೆ, ಬಾರದಿರಲಿ ಎಂದೂ ಕಾದೆ. ಕಳೆದ ಶುಕ್ರವಾರ ಕಾಗದ ಬಂತು. ಟಪಾಲಿನ ಶಿದ್ಲಿಂಗಪ್ಪ ಕಾಕಾ ಸೈಕಲ್ಲಿನಿಂದ ಇಳಿಯುವ ಮೊದಲೇ ಕೈ ಚಾಚಿದೆ.

"ನಸೀಮಾಬೀದು ಐತೆಲ್ಲವಾ ಹೆಸರು," ಎಂದರು.

"ಅವರಿಗೆ ಕಣ್ಣಿನ ತ್ರಾಸ ಐತ್ರಿ ಕಾಕಾ. ನಾನ ಓದಿ ಹೇಳ್ತೀನಿ."

"ಓದಿ ಹೇಳಿದ್ರ ಅವರಿಗೆ ಕೇಳಸ್ತದೇನು?" ಎಂದು ಮುದುಕ ನನ್ನ ಮುಖ ನೋಡಿದ. ಕೊಟ್ಟು ಹೋದ.

ಅದನ್ನು ಒಡೆಯದೆ ನೀಲಿ ನೂಲಿನ ಚೀಲದ ತಳಕ್ಕೆ ತುರುಕಿದ್ದೇನೆ. ನನ್ನ ಕೈಯಿಂದ ಬರೆದದ್ದನ್ನು ನನ್ನ ಕೈಯಿಂದಲೇ ಕದ್ದೆ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಎಂದು ಗಾದೆ ಇದೆಯಲ್ಲ, ಚೀಲ ಅಲ್ಲೇ ಇದೆಯೋ ಇಲ್ಲವೋ ಎಂದು ದಿನಕ್ಕೆ ನಾಲ್ಕು ಸಲ ನೋಡುತ್ತೇನೆ.

ನೀನು ಕೇಳಿದ ಒಂದೇ ಒಂದನ್ನೂ ತಿಳಿದುಕೊಳ್ಳಲು ನನ್ನಿಂದ ಆಗಲಿಲ್ಲ. ಅಮ್ಮಿ ಅಂದು ಗೋಡೆಗೆ ಯಾಕೆ ಮುಖ ಮಾಡಿದರು ಎಂದು ಕೇಳಬೇಕಾದರೆ, ನೀನು ಬಂದು ಏನು ಮಾಡಿದೆ ಎಂಬುದನ್ನೂ ಹೇಳಬೇಕಾಗುತ್ತದೆ.

ಬೈದಾದರೂ ಒಂದು ಸಾಲು ಬರೆ.

ಸುಲ್ತಾನಾ


ನವಲಗುಂದ
೨೧ ಜುಲೈ ೨೦೨೪

ಮಗಳೇ ನಿಲೋಫರ್,

ನಿನ್ನ ಲಗ್ನವಾಗಿ ಹನ್ನೆರಡು ವರ್ಷವಾಯಿತು, ನಾನು ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು. ಐದನೇ ಇಯತ್ತೆಗೆ ಶಾಲೆ ಬಿಟ್ಟ ಕೈ, ಅಕ್ಷರ ಹೇಗಿದ್ದರೂ ಓದಿಕೋ.

ನಿನ್ನ ಭಾಬಿ ದಿನಕ್ಕೆ ನಾಲ್ಕು ಸಲ ನೀಲಿ ನೂಲಿನ ಚೀಲಕ್ಕೆ ಕೈ ಹಾಕುತ್ತಾಳೆ. ಮಗ್ಗದ ಮೇಲಿರುವುದು ಕೆಂಪು ಹಳದಿ ಪಟ್ಟೆಯದು. ಕಿವಿ ಕೇಳದವರಿಗೆ ಕಣ್ಣು ಜಾಸ್ತಿ, ಅದರಲ್ಲೂ ಆಪರೇಷನ್ ಆದ ಕಣ್ಣು. ಮೊಹರಂ ದಿನ ಆಕೆ ಹೊರಗೆ ಹೋದಾಗ ಚೀಲಕ್ಕೆ ನಾನೂ ಕೈ ಹಾಕಿದೆ. ಲಕೋಟೆಯ ಮೇಲೆ ನನ್ನ ಹೆಸರೇ ಇತ್ತು, ಓದಿದೆ. ಬರ್ಗೆನ್ನಿನಿಂದ ಬರೆದದ್ದು, ತನ್ನ ತಪ್ಪನ್ನೆಲ್ಲ ಬರೆದಿದ್ದಾಳೆ. ಅದರಲ್ಲಿ ನಿನ್ನ ವಿಷಯವಾಗಿ ಹೊಸದೇನೂ ಇರಲಿಲ್ಲ. ಆ ಊರಿನ ಮೀನು ಅಷ್ಟು ಉದ್ದವೆಂಬುದು ಮಾತ್ರ ಗೊತ್ತಿರಲಿಲ್ಲ.

ಕಿವಿ ಹೋದ ಮೇಲೆ ನಾನು ನೆಲದ ಮೇಲೇ ಮಲಗುವುದು ಯಾಕೆಂದು ನೀವು ಯಾರೂ ಕೇಳಲಿಲ್ಲ. ಪಂಜಾದ ಪೆಟ್ಟು ಮಗ್ಗದ ಕಂಬದಿಂದ ನೆಲಕ್ಕೆ ಇಳಿಯುತ್ತದೆ, ನೆಲದಿಂದ ನನ್ನ ಬೆನ್ನಿಗೆ ಬರುತ್ತದೆ. ಸುಲ್ತಾನಾ ಮೂರು ಪೆಟ್ಟನ್ನೂ ಒಂದೇ ಸಮ ಹೊಡೆಯುತ್ತಾಳೆ, ಪೊಲೀಸನು ಬಾಗಿಲು ಬಡಿದ ಹಾಗೆ. ನನಗೆ ಪಟ್ಟಿ ಕಟ್ಟಿದ ಎರಡನೇ ದಿನ ಎರಡು ಹಗುರ, ಒಂದು ಜೋರು ಬಂತು. ಅದು ನನ್ನ ಪೆಟ್ಟು. ನೀನು ಮೂರು ವರ್ಷದವಳಿದ್ದಾಗ ನನ್ನ ತೊಡೆಯ ಮೇಲೆ ಕೂತು ಅದಕ್ಕೆ ಸರಿಯಾಗಿ ಕೈ ಬಡಿಯುತ್ತಿದ್ದೆ. ಕಸುಬು ಕಲಿಯುವ ವಯಸ್ಸು ಬಂದ ಕೂಡಲೇ ಇಳಿಸಿ ಅಡಿಗೆಮನೆಗೆ ಕಳಿಸಿದೆ.

ಹತ್ತೊಂಬತ್ತು ದಿನ ಬೆನ್ನಿನಿಂದ ಕೇಳಿದೆ. ಒಂದು ದಿನವೂ ಎದ್ದು ಬರಲಿಲ್ಲ. ಎದ್ದು ಬಂದರೆ ನಿನ್ನನ್ನು ತಡೆಯಬೇಕಿತ್ತು, ಇಲ್ಲವೇ ಹೊಗಳಬೇಕಿತ್ತು. ತಡೆಯುವ ಮನಸ್ಸಿರಲಿಲ್ಲ, ಹೊಗಳುವ ಮುಖವಿರಲಿಲ್ಲ. ಓಣಿಯವರು ನನಗೆ ಕೊಟ್ಟ ಹೆಸರು ಉಳಿಯಲಿ ಎಂದು ಕಣ್ಣಿನ ಪಟ್ಟಿ ತೆಗೆದ ಮೇಲೂ ಒಂದು ವಾರ ಹಾಸಿಗೆ ಬಿಡಲಿಲ್ಲ. ನೀನು ಹೊರಟಾಗ ಗೋಡೆಗೆ ಮುಖ ಮಾಡಿದ್ದು ಸಿಟ್ಟಿನಿಂದಲ್ಲ. ನಿನಗೆ ಹಾಗೆ ಅನ್ನಿಸಿರಬಹುದು ಎಂದು ಆಮೇಲೆ ಬಹಳ ನೊಂದೆ. ನಿನ್ನ ಕಡೆ ನೋಡಲು ನಾಚಿಕೆಯಾಗಿತ್ತು.

ಸಭೆಯಲ್ಲಿ ಸುಲ್ತಾನಾಳಿಗೆ ಶಾಲು ಹೊದಿಸುವಾಗ ನಾನು ಮುಂದೆಯೇ ಕೂತಿದ್ದೆ. ಎದ್ದು ನಿಂತು ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಕಿವುಡಿ, ಮೂಕಿಯಲ್ಲ. ಆಕೆಯೊಬ್ಬಳನ್ನೇ ಕಳ್ಳಿ ಎಂದರೆ ದೇವರು ಮೆಚ್ಚುವುದಿಲ್ಲ. ಕಾಗದವನ್ನು ಮತ್ತೆ ಚೀಲದಲ್ಲೇ ಇಟ್ಟಿದ್ದೇನೆ. ತಾನಾಗಿ ತೆಗೆದು ಕೊಡಲಿ, ಅಷ್ಟು ಮಾನ ಆಕೆಗೂ ಉಳಿಯಲಿ.

ಮಗಳಿಗೆ ಕೊಡಬಾರದು ಎಂಬ ಪದ್ಧತಿಯನ್ನು ನಾನು ಮಾಡಲಿಲ್ಲ, ಆದರೆ ಕಾಯ್ದವಳು ನಾನೇ. ಕಾಯ್ದು ಏನು ಉಳಿಯಿತು? ನನ್ನ ಪೆಟ್ಟು ನಿನ್ನ ಕೈಯಲ್ಲಿ ಉಳಿಯಿತು, ಅದೂ ನಾನು ಕೊಡದೆ.

ಬಾ. ಹಗಲು ಹೊತ್ತಿನಲ್ಲೇ ಬಾ, ಓಣಿಯ ನಾಲ್ಕು ಮಂದಿ ಕಟ್ಟೆಯ ಮೇಲೆ ಕೂತಿರುವಾಗ ಬಾ. ಪರದೆ ತೆಗೆದಿಟ್ಟಿದ್ದೇನೆ.

ನಿನ್ನ ಅಮ್ಮಿ,
ನಸೀಮಾಬಿ


ನವಲಗುಂದ
೪ ಆಗಸ್ಟ್ ೨೦೨೪

ಮೃಣಾಲಿನಿಯವರಿಗೆ ಸುಲ್ತಾನಾಳ ಸಲಾಂ.

ನವಲಗುಂದದ ಜಮಖಾನೆಯವಳನ್ನು ಮರೆತಿರಲಿಕ್ಕಿಲ್ಲ. ನೀವು ಬರೆದುಕೊಟ್ಟ ಹೊಟೆಲಿನ ಚೀಟಿ ಇನ್ನೂ ನನ್ನ ಪರ್ಸಿನಲ್ಲಿದೆ. ಆ ದಿನ ನನಗೆ ತಲೆ ಸಿಡಿಯುತ್ತಿರಲಿಲ್ಲ, ಅಲ್ಲಿ ಥಂಡಿಗೆ ನೂಲೂ ಕಡಿಯುತ್ತಿರಲಿಲ್ಲ. ಎರಡಕ್ಕೂ ನಿಮ್ಮ ಕ್ಷಮೆ ಕೇಳುತ್ತೇನೆ.

ಇದನ್ನು ಬರೆಯುವಾಗ ಒಳಗೆ ಪಂಜಾದ ಸದ್ದು ಬರುತ್ತಿದೆ, ಎರಡು ಹಗುರ, ಒಂದು ಜೋರು. ನನ್ನ ನಾದಿನಿ ನಿಲೋಫರ್ ಮೊನ್ನೆ ಶುಕ್ರವಾರ ಬಂದಳು, ಬೀದಿಯ ಬಾಗಿಲು ತೆರೆದಿಟ್ಟು ಮಗ್ಗಕ್ಕೆ ಕೂತಳು. ಓಣಿಯವರು ಬಂದು ನಿಂತು ನೋಡಿದರು. ಒಬ್ಬಳು ನನ್ನ ಅತ್ತೆಗೆ ಬೇಕೆಂದೇ ಪಾಟಿಯ ಮೇಲೆ ಬರೆದು ತೋರಿಸಿದಳು, ಮಗಳಿಗೆ ಕಲಿಸಿದಿರೇನು ಎಂದು. "ಕಲಿಸಲಿಲ್ಲ. ಅದ ನನ್ನ ತಪ್ಪು," ಎಂದು ಅಮ್ಮಿ ಓಣಿಗೆಲ್ಲ ಕೇಳುವಂತೆ ಹೇಳಿದರು. ಕೆಲವರು ಅಲ್ಲಿಂದ ಹೊರಟು ಹೋದರು, ಇನ್ನೂ ನಮ್ಮ ಮನೆಗೆ ಬಂದಿಲ್ಲ. ಅಮ್ಮಿ ಮಗ್ಗದ ಹತ್ತಿರ ನೆಲದ ಮೇಲೆ ಅಂಗೈ ಊರಿ ಕೂತರು, ಸಂಜೆಯವರೆಗೆ ಏಳಲಿಲ್ಲ. ನಾನು ಬಚ್ಚಿಟ್ಟಿದ್ದ ಒಂದು ಕಾಗದವನ್ನು ಅವತ್ತು ತೆಗೆದು ಅವರ ಕೈಗೆ ಕೊಟ್ಟೆ. "ಓದೇನಿ ಬೇ. ಹದಿನೈದ ದಿನ ಆತು," ಎಂದರು. ಕೈ ಮಾತ್ರ ನೆಲದಿಂದ ತೆಗೆಯಲಿಲ್ಲ.

ಸಂಗ್ರಹಾಲಯದಲ್ಲಿ ನಮ್ಮ ಜಮಖಾನೆಯ ಹತ್ತಿರ, ಕಾರ್ಡಿನ ಕೆಳಗೆ, ಚೌಕಟ್ಟು ಹಾಕಿದ ಒಂದು ಹಾಳೆ ಇದೆ. ಕನ್ನಡದಲ್ಲಿದೆ. ಒಂದೇ ಸಾಲು, ನನ್ನ ಕೈಯದೇ ಬರಹ. ಆ ಊರಿನಲ್ಲಿ ಅದನ್ನು ಓದಬಲ್ಲವರು ಬಹುಶಃ ನೀವೊಬ್ಬರೇ. ಬಿಡುವು ಮಾಡಿಕೊಂಡು ಅಲ್ಲಿಗೆ ಹೋಗಿ, ಅದನ್ನು ಅವರಿಗೆ ಓದಿ ಹೇಳಿ.

ನೂಲು ಹಿಡಿದುಕೊಟ್ಟವಳು,
ಸುಲ್ತಾನಾ